ಬರೆಯದ ಸ್ವರಗಳು: ಬಸ್ರಾದ ಕೆಂಪು ಚುಕ್ಕಿಯಿಂದ ಜಬರ್-ಜೇರ್-ಪೇಶ್‌ವರೆಗೆ



ಕೊಲ್ಲಿಯ ಯಾವುದಾದರೂ ಊರಿನಲ್ಲಿ ನಾಲ್ಕು ದಿನ ಇದ್ದವರು ಇದನ್ನು ಗಮನಿಸಿಯೇ ಇರುತ್ತೀರಿ. ಒಂದೇ ಹೆಸರು ಒಬ್ಬರ ಗುರುತಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮುಹಮ್ಮದ್ ಎಂದಿರುತ್ತದೆ, ಇನ್ನೊಬ್ಬರದರಲ್ಲಿ ಮೊಹಮ್ಮದ್, ಮತ್ತೊಬ್ಬರದರಲ್ಲಿ ಮೊಹಮೆದ್. ಅದೇ ಚೀಟಿಯ ಅರಬಿ ಭಾಗವನ್ನು ನೋಡಿದರೆ ಮೂವರದೂ ಒಂದೇ. ಅಲ್ಲಿ ಇರುವುದು ನಾಲ್ಕೇ ಅಕ್ಷರ: ಮ್, ಹ್, ಮ್, ದ್. ಉಳಿದದ್ದೆಲ್ಲ ಓದುವವರ ಬಾಯಲ್ಲಿ ಹುಟ್ಟುತ್ತದೆ. ಎರಡನೆಯ ಮಕಾರ ಒತ್ತಕ್ಷರ ಎಂಬುದನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ.

ನಮ್ಮಂಥವರಿಗೆ ಇದು ವಿಚಿತ್ರ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಕಾಗುಣಿತ ಹೇಳಿಕೊಡುವವಳು ನಾನು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಎಂದು ಒಂದೊಂದನ್ನೂ ತಿದ್ದಿಸದೆ ಬಿಡುವುದಿಲ್ಲ. 'ಕಲಿ' ಬರೆದರೆ ಕಲಿ, 'ಕುಲ' ಬರೆದರೆ ಕುಲ, 'ಕೊಲೆ' ಬರೆದರೆ ಕೊಲೆ. ಮೂರನ್ನೂ ಬರೀ 'ಕ್ ಲ್' ಎಂದು ಬರೆದು ಸಂದರ್ಭ ನೋಡಿ ಓದಿಕೊಳ್ಳಿ ಎಂದರೆ ನಮ್ಮ ಮಕ್ಕಳು ಪುಸ್ತಕ ಮುಚ್ಚಿಟ್ಟು ಆಟಕ್ಕೆ ಹೋದಾರು. ಅರಬರು ಮಾತ್ರ ಹದಿನಾಲ್ಕು ಶತಮಾನಗಳಿಂದ ಹೆಚ್ಚುಕಡಿಮೆ ಹೀಗೆಯೇ ಬರೆಯುತ್ತ, ಓದುತ್ತ ಬಂದಿದ್ದಾರೆ. ಹೇಗೆ ಸಾಧ್ಯವಾಯಿತು, ಸ್ವರಚಿಹ್ನೆಗಳು ಯಾವಾಗ ಬಂದವು, ಬಂದಮೇಲೂ ಅವನ್ನು ಯಾಕೆ ಬಿಟ್ಟು ಬರೆಯುತ್ತಾರೆ ಎಂಬುದನ್ನು ಇವತ್ತು ಹೇಳಬೇಕು.

ಮೊದಲು ಭಾಷೆಯ ಒಳಗುಟ್ಟು. ಅರಬಿಯಲ್ಲಿ ಸ್ವರಗಳೇ ಕಡಿಮೆ. ಅ, ಇ, ಉ ಎಂಬ ಮೂರು ಹ್ರಸ್ವ, ಆ, ಈ, ಊ ಎಂಬ ಮೂರು ದೀರ್ಘ. ಇವುಗಳ ಜೊತೆಗೆ ಅಯ್, ಅವ್ ಎಂಬ ಎರಡು ಜೋಡಿ ಸ್ವರ. ನಮ್ಮ ಎ, ಏ, ಒ, ಓ ಗ್ರಂಥಭಾಷೆಯಲ್ಲಿ ಇಲ್ಲ. ಬೀದಿಯ ಅರಬಿಯಲ್ಲಿ ಇವೆ: ಪುಸ್ತಕದ 'ಬಯ್ತ್' (ಮನೆ) ಇಲ್ಲಿಯವರ ಬಾಯಲ್ಲಿ 'ಬೇತ್' ಆಗುತ್ತದೆ, 'ಯವ್ಮ್' (ದಿನ) 'ಯೋಮ್' ಆಗುತ್ತದೆ. ಮುಹಮ್ಮದ್ ಎಂಬುದು ಮೊಹಮೆದ್ ಆಗುವುದಕ್ಕೆ ಈ ಬೀದಿಯ ಉಚ್ಚಾರಣೆಯೂ ಒಂದು ಕಾರಣ. ದೀರ್ಘಗಳನ್ನು ಅಲಿಫ್, ವಾವ್, ಯಾ ಎಂಬ ಮೂರು ಅಕ್ಷರಗಳಿಂದ ಬರೆಯುತ್ತಾರೆ. ಹ್ರಸ್ವಗಳಿಗೆ ಇಪ್ಪತ್ತೆಂಟು ಅಕ್ಷರಗಳಲ್ಲಿ ಜಾಗವೇ ಇಲ್ಲ.

ಪದದ ಅರ್ಥದ ತಿರುಳು ಸಾಮಾನ್ಯವಾಗಿ ಮೂರು ವ್ಯಂಜನಗಳಲ್ಲಿ ಇರುತ್ತದೆ. ಕ್-ತ್-ಬ್ ಎಂದರೆ ಬರೆಯುವುದಕ್ಕೆ ಸಂಬಂಧಿಸಿದ್ದು. ಕತಬ ಎಂದರೆ ಬರೆದನು, ಕುತಿಬ ಎಂದರೆ ಬರೆಯಲ್ಪಟ್ಟಿತು, ಕುತುಬ್ ಎಂದರೆ ಪುಸ್ತಕಗಳು. ಈ ಮೂರಕ್ಕೂ ಬರಹದಲ್ಲಿ ಅದೇ ಮೂರು ಅಕ್ಷರ. ಕಾತಿಬ್ ಬರೆಯುವವನು, ಮಕ್ತೂಬ್ ಬರೆದದ್ದು, ಮಕ್ತಬ್ ಬರೆಯುವ ಜಾಗ, ಅಂದರೆ ಕಚೇರಿ. ವ್ಯಂಜನಗಳು ಮನೆಯ ಕಂಬಗಳಿದ್ದಂತೆ. ಕಂಬಗಳ ನಡುವೆ ಸ್ವರಗಳನ್ನು ಯಾವ ಅಚ್ಚಿನಲ್ಲಿ ತುಂಬುತ್ತೀರಿ ಎಂಬುದರ ಮೇಲೆ ಅದು ಮಾಡಿದವನೋ, ಮಾಡಿದ್ದೋ, ಮಾಡುವ ಜಾಗವೋ ಎಂಬುದು ತೀರ್ಮಾನವಾಗುತ್ತದೆ.

ಇದೆಲ್ಲ ನಮಗೆ ಹೊಸದು ಎಂದುಕೊಳ್ಳಬೇಡಿ. ನಿಮ್ಮ ಊರಿನ ತಾಲ್ಲೂಕು ಕಚೇರಿಯನ್ನು ನೆನಪಿಸಿಕೊಳ್ಳಿ. ಮಾಮೂಲು, ಮಹಸೂಲು, ಮಂಜೂರು, ಮಜಬೂತು. ನಾಲ್ಕೂ ಅರಬಿ ಮೂಲದವು, ಪಾರಸಿ ಮತ್ತು ದಖನಿಯ ಮೂಲಕ ನಮ್ಮಲ್ಲಿಗೆ ಬಂದವು. ನಾಲ್ಕೂ 'ಮಕ್ತೂಬ್' ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು: ಮೊದಲಿಗೆ ಮಕಾರ, ಕೊನೆಯ ವ್ಯಂಜನದ ಹಿಂದೆ ಊಕಾರ. ಹಾಗೆಯೇ ಹಾಜರು, ದಾಖಲು, ಹಾಸಿಲು, ಜಾಹೀರು ಇವೆಲ್ಲ 'ಕಾತಿಬ್' ಎಂಬ ಅಚ್ಚಿನ ಮಕ್ಕಳು. ಮಹಸೂಲು, ಹಾಸಿಲು, ತಹಸೀಲು ಮೂರೂ ಹ್-ಸ್-ಲ್ ಎಂಬ ಒಂದೇ ಬೇರಿನವು. ವಕೀಲ ಮತ್ತು ವಕಾಲತ್ತು ಒಂದೇ ಬೇರಿನವು. ಅಮಲ್ದಾರರ 'ಅಮಲು' ಮತ್ತು ಅವರ ಕೈಕೆಳಗಿನವರು ಕೇಳುತ್ತಿದ್ದ 'ಮಾಮೂಲು' ಕೂಡ ಒಂದೇ ಬೇರಿನವು. ಇದನ್ನು ವ್ಯಾಕರಣದ ಮಾತಾಗಿಯಷ್ಟೇ ಹೇಳುತ್ತಿದ್ದೇನೆ!

ಈ ಪದಗಳ ಹ್ರಸ್ವ ಸ್ವರಗಳಿಗೆ ಕನ್ನಡದಲ್ಲಿ ಏನಾಯಿತೆಂದೂ ನೋಡಿ. ಅರಬಿಯ 'ಹಾಜಿರ್' ನಮ್ಮಲ್ಲಿ ಹಾಜರು ಆಯಿತು, 'ಜಾಹಿರ್' ಜಾಹೀರು ಆಯಿತು. ಅಸ್ಲ್, ನಕ್ಲ್, ಹುಕ್ಮ್ ಎಂದು ವ್ಯಂಜನಗಳು ಒತ್ತೊತ್ತಾಗಿದ್ದ ಪದಗಳ ನಡುವೆ ನಾವು ಸ್ವರ ತುರುಕಿ ಅಸಲು, ನಕಲು, ಹುಕುಂ ಮಾಡಿಕೊಂಡೆವು. ದೀರ್ಘಗಳು ಮಾತ್ರ ಗಟ್ಟಿಯಾಗಿ ನಿಂತವು. ಬರೆದದ್ದು ಉಳಿಯಿತು, ಬರೆಯದ್ದು ಅಲುಗಾಡಿತು ಎನ್ನುವ ಆಸೆಯಾಗುತ್ತದೆ. ಆದರೆ ಇಂಥ ಪದಗಳು ಹೆಚ್ಚಾಗಿ ಕಿವಿಯಿಂದ ಕಿವಿಗೆ ಹೋಗುವಂಥವು, ಹಾಗಾಗಿ ಅಷ್ಟು ದೂರ ನಾನು ಹೋಗುವುದಿಲ್ಲ.

ಈಗ ಇತಿಹಾಸಕ್ಕೆ ಬರೋಣ. ಅರಬಿ ಲಿಪಿ ನಬಾತಿಯನ್ನರ ಲಿಪಿಯಿಂದ ಬೆಳೆದದ್ದು. ಇಂದಿನ ಜೋರ್ಡಾನಿನ ಪೆಟ್ರಾದಲ್ಲಿ ಬಂಡೆ ಕೊರೆದು ನಗರ ಕಟ್ಟಿದರಲ್ಲ, ಅವರೇ ನಬಾತಿಯನ್ನರು. ಸಿರಿಯಾದ ನಮಾರದಲ್ಲಿ ಸಿಕ್ಕ ಕ್ರಿ.ಶ. 328ರ ಒಂದು ಸಮಾಧಿ ಶಾಸನದ ಲಿಪಿ ನಬಾತಿಯನ್, ಭಾಷೆ ಅರಬಿ. ಅದು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ನಬಾತಿಯನ್ ಲಿಪಿಯ ತಾಯಿ ಅರಮಾಯಿಕ್. ಆ ತಾಯಿಗೆ ಇನ್ನೊಂದು ಮಗುವೂ ಇತ್ತು: ನಮ್ಮ ಗಾಂಧಾರದ ಖರೋಷ್ಠಿ. ಅದೂ ಬಲದಿಂದ ಎಡಕ್ಕೆ ಬರೆಯುವ ಲಿಪಿಯೇ. ಆದರೆ ಖರೋಷ್ಠಿ ಬರೆದವರು ಕ್ರಿ.ಪೂ. ಮೂರನೆಯ ಶತಮಾನದಲ್ಲೇ ಪ್ರತಿ ವ್ಯಂಜನಕ್ಕೂ ಸ್ವರದ ಗೆರೆ ಸೇರಿಸಿದ್ದರು. ಅದನ್ನು ನೋಡಲು ಗಾಂಧಾರಕ್ಕೆ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಹೇಳುವ 'ಲಿಪಿಕರೇಣ' ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದರಲ್ಲಿ 'ಲಿ'ಗೂ 'ಪಿ'ಗೂ ಇಕಾರದ ಗೆರೆ, 'ರೇ'ಗೆ ಏಕಾರದ ಗೆರೆ. ಒಂದೇ ತಾಯಿಯ ಒಂದು ಮಗು ಸ್ವರವನ್ನು ಮೈಮೇಲೆ ಹೊತ್ತುಕೊಂಡಿತು, ಇನ್ನೊಂದು ಸುಮಾರು ಸಾವಿರ ವರ್ಷ ಅದಿಲ್ಲದೆಯೇ ನಡೆಯಿತು.

ಹಳೆಯ ಅರಬಿ ಬರಹದಲ್ಲಿ ತೊಂದರೆ ಸ್ವರಗಳದ್ದಷ್ಟೇ ಅಲ್ಲ. ಇವತ್ತು ಚುಕ್ಕಿಗಳಿಂದ ಬೇರೆಯಾಗಿ ಕಾಣುವ ಬ, ತ, ಥ, ನ, ಯ ಅಕ್ಷರಗಳು ಪದದ ಆರಂಭದಲ್ಲೋ ನಡುವಿನಲ್ಲೋ ಬಂದಾಗ ಚುಕ್ಕಿ ತೆಗೆದರೆ ಒಂದೇ ಥರದ ಪುಟ್ಟ ಹಲ್ಲಿನಂತಿರುತ್ತವೆ. ಚುಕ್ಕಿಯೂ ಇಲ್ಲ, ಸ್ವರವೂ ಇಲ್ಲ ಎಂದರೆ ಆ ಬರಹ, ಮೊದಲೇ ಬಾಯಿಪಾಠ ಬಂದವರಿಗೆ ನೆನಪಿನ ಊರುಗೋಲು ಮಾತ್ರ. ಅರಬರಿಗೆ ಅದು ಸಾಕಾಗಿತ್ತು. ಕವಿತೆ ಬಾಯಲ್ಲಿತ್ತು, ವಂಶಾವಳಿ ಬಾಯಲ್ಲಿತ್ತು, ಕುರ್‌ಆನ್ ಕೂಡ ಮೊದಲು ನಿಂತದ್ದು ಕಂಠಪಾಠದಲ್ಲಿಯೇ. ಆ ಹೆಸರಿನಲ್ಲೇ ಪಠಣ ಎಂಬ ಅರ್ಥ ಇದೆ.

ಏಳನೆಯ ಶತಮಾನದ ನಡುವಿಗೆ ಪರಿಸ್ಥಿತಿ ಬದಲಾಯಿತು. ಇರಾಕಿನ ದಕ್ಷಿಣದಲ್ಲಿ ಸೈನ್ಯದ ಬೀಡಾಗಿ ಹುಟ್ಟಿದ ಬಸ್ರಾ ಬೇಗನೆ ದೊಡ್ಡ ಊರಾಯಿತು. ಬೇರೆ ಬೇರೆ ಬುಡಕಟ್ಟಿನ ಅರಬರು, ಪಾರಸಿಗಳು, ಅರಮಾಯಿಕ್ ಮಾತಾಡುವ ರೈತರು, ವ್ಯಾಪಾರಿಗಳು, ಗುಲಾಮರು ಎಲ್ಲರೂ ಅಲ್ಲಿ ಸೇರಿದರು. ಹೊಸದಾಗಿ ಇಸ್ಲಾಂ ಸ್ವೀಕರಿಸಿದ ಪಾರಸಿಯವನಿಗೆ ಅರಬಿ ತಾಯ್ನುಡಿಯಲ್ಲ. ಅವನು ಪದದ ಕೊನೆಯ ಸ್ವರವನ್ನು ತಪ್ಪಿಸುತ್ತಿದ್ದ.

ತಪ್ಪಿಸಿದರೆ ಏನು ಮಹಾ ಎನ್ನಬೇಡಿ. ಅರಬಿಯ ವಿಭಕ್ತಿ ಇರುವುದೇ ಆ ಕೊನೆಯ ಹ್ರಸ್ವದಲ್ಲಿ. ನಮ್ಮಲ್ಲಿ ರಾಮನು, ರಾಮನನ್ನು, ರಾಮನ ಎಂದು ಕಣ್ಣಿಗೆ ಕಾಣುವ ಪ್ರತ್ಯಯಗಳಿವೆ. ಅವರಲ್ಲಿ ಕರ್ತೃವಾದರೆ ಉ, ಕರ್ಮವಾದರೆ ಅ, ಸಂಬಂಧ ಹೇಳುವಾಗ ಇ. ಅಷ್ಟೇ, ಅದೂ ಬರಹದಲ್ಲಿ ಕಾಣದು. ರಾಮನು ರಾವಣನನ್ನು ಕೊಂದನು ಎಂಬುದು ರಾಮನನ್ನು ರಾವಣನು ಕೊಂದನು ಎಂದಾಗುವುದಕ್ಕೆ ಒಂದೆರಡು ಮಾತ್ರೆಯ ಎಡವಟ್ಟು ಸಾಕು.

ಇಲ್ಲಿ ಅಬೂ ಅಲ್-ಅಸ್ವದ್ ಅದ್-ದುಅಲಿ ಎಂಬ ಬಸ್ರಾದ ವಿದ್ವಾಂಸನ ಕಥೆ ಬರುತ್ತದೆ. ಅವನು ತೀರಿಕೊಂಡದ್ದು ಹಿಜರಿ 69ರಲ್ಲಿ, ಅಂದರೆ ಕ್ರಿ.ಶ. 688ರ ಸುಮಾರಿಗೆ. ಅವನ ಬಗ್ಗೆ ಸಂಪ್ರದಾಯ ಎರಡು ಕಥೆ ಹೇಳುತ್ತದೆ. ಒಂದು ಮನೆಯೊಳಗಿನದು. ಒಂದು ರಾತ್ರಿ ಮಗಳು ಆಕಾಶ ನೋಡಿ ಏನೋ ಅಂದಳಂತೆ. ಅವಳು ಹಾಕಿದ ಸ್ವರಗಳ ಪ್ರಕಾರ ಅದು 'ಆಕಾಶದಲ್ಲಿ ಅತಿ ಚೆಂದದ್ದು ಯಾವುದು?' ಎಂಬ ಪ್ರಶ್ನೆ. ಅಪ್ಪ 'ನಕ್ಷತ್ರಗಳಮ್ಮಾ' ಎಂದ. ಅವಳು 'ನಾನು ಕೇಳಿದ್ದಲ್ಲ ಅಪ್ಪಾ, ಎಷ್ಟು ಚೆಂದ ಇದೆ ಅಂತ ಬೆರಗಾಗಿ ಹೇಳಿದೆ' ಎಂದಳು. ಅಚ್ಚ ಅರಬನ ಮನೆಯಲ್ಲೇ ಎರಡು ಪುಟ್ಟ ಸ್ವರ ಜಾರಿ ಬೆರಗು ಪ್ರಶ್ನೆಯಾಗಿಬಿಟ್ಟಿತ್ತು.

ಎರಡನೆಯದು ಬೀದಿಯದು. ಆಗ ಬಸ್ರಾದ ಆಡಳಿತ ನಡೆಸುತ್ತಿದ್ದವನು ಜಿಯಾದ್ ಎಂಬ ರಾಜ್ಯಪಾಲ. ಓದುವವರಿಗೆ ನೆರವಾಗುವ ಗುರುತುಗಳನ್ನು ಮಾಡಿಕೊಡು ಎಂದು ಅವನು ಕೇಳಿದಾಗ ಅಬೂ ಅಲ್-ಅಸ್ವದ್ ಒಪ್ಪಲಿಲ್ಲವಂತೆ. ಜಿಯಾದ್ ಉಪಾಯ ಹೂಡಿದ. ವಿದ್ವಾಂಸ ಓಡಾಡುವ ದಾರಿಯಲ್ಲಿ ಒಬ್ಬನನ್ನು ಕೂರಿಸಿ, ಕುರ್‌ಆನಿನ ಒಂಬತ್ತನೆಯ ಅಧ್ಯಾಯದ ಮೂರನೆಯ ವಚನವನ್ನು ಬೇಕೆಂದೇ ತಪ್ಪಾಗಿ ಓದಿಸಿದ. ಅಲ್ಲಿ ಬರುವ 'ರಸೂಲ್' ಎಂಬ ಪದಕ್ಕೆ ಉಕಾರ ಬರಬೇಕು. ಆಗ ಬಹುದೇವತಾರಾಧಕರ ಹೊಣೆ ದೇವರಿಗೂ ಇಲ್ಲ, ಅವನ ಪ್ರವಾದಿಗೂ ಇಲ್ಲ ಎಂಬ ಅರ್ಥ. ಉಕಾರದ ಬದಲು ಇಕಾರ ಓದಿದರೆ ದೇವರು ಅವರನ್ನಷ್ಟೇ ಅಲ್ಲ, ತನ್ನ ಪ್ರವಾದಿಯನ್ನೂ ಕೈಬಿಟ್ಟ ಎಂದಾಗುತ್ತದೆ. ನಂಬುವವನ ಕಿವಿಗೆ ಅದು ಕಾದ ಸೀಸ. ವಿದ್ವಾಂಸ ನಡುಗಿಹೋದ, ನೇರ ಜಿಯಾದ್‌ನ ಬಳಿಗೆ ಹೋಗಿ ಕೆಲಸ ಒಪ್ಪಿಕೊಂಡ.

ಈ ಕಥೆಗಳು ಬಹಳ ನಂತರದ ಬರಹಗಳಿಂದ ಬಂದವು. ಬೇರೆ ಹೆಸರುಗಳನ್ನು ಹೇಳುವವರೂ ಇದ್ದಾರೆ, ನಸ್ರ್ ಇಬ್ನ್ ಆಸಿಮ್, ಯಹ್ಯಾ ಇಬ್ನ್ ಯಅಮರ್ ಎಂದು. ಒಬ್ಬನೇ ಮನುಷ್ಯ ಒಂದೇ ಬೆಳಗ್ಗೆ ಕಂಡುಹಿಡಿದ ಎಂದು ನಂಬುವ ಅಗತ್ಯ ನನಗಂತೂ ಕಾಣುವುದಿಲ್ಲ. ಅದೇ ಕಾಲದಲ್ಲಿ ನೆರೆಯ ಸಿರಿಯಕ್ ಕ್ರೈಸ್ತರೂ ತಮ್ಮ ಬರಹಕ್ಕೆ ಸ್ವರದ ಚುಕ್ಕಿಗಳನ್ನು ಇಡುತ್ತಿದ್ದರು. ಆದರೆ ಕೆಲಸ ಹೇಗೆ ನಡೆಯಿತು ಎಂದು ಸಂಪ್ರದಾಯ ಕೊಡುವ ಚಿತ್ರ ಮಾತ್ರ ಬಹಳ ಸೊಗಸು. ಜಿಯಾದ್ ಮೂವತ್ತು ಲಿಪಿಕಾರರನ್ನು ಕಳಿಸಿದ. ಅವರನ್ನು ಪರೀಕ್ಷಿಸಿ, ಸೋಸಿ, ಕೊನೆಗೆ ಅಬೂ ಅಲ್-ಅಸ್ವದ್ ಉಳಿಸಿಕೊಂಡದ್ದು ಅಬ್ದುಲ್ ಕೈಸ್ ಬುಡಕಟ್ಟಿನ ಒಬ್ಬನನ್ನು. ಆ ಬುಡಕಟ್ಟು ನಮ್ಮ ಈ ಕೊಲ್ಲಿ ತೀರದ್ದೇ. ಅವನಿಗೆ ಹೇಳಿದ್ದು ಇಷ್ಟು: ಪುಸ್ತಕದ ಮಸಿಗಿಂತ ಬೇರೆ ಬಣ್ಣದ ಮಸಿ ತಗೋ. ನಾನು ಓದುತ್ತೇನೆ, ನೀನು ನನ್ನ ಬಾಯಿ ನೋಡು. ತುಟಿ ತೆರೆದರೆ ಅಕ್ಷರದ ಮೇಲೆ ಚುಕ್ಕಿ ಇಡು. ತುಟಿ ಕೂಡಿಸಿ ದುಂಡಗೆ ಮಾಡಿದರೆ ಅಕ್ಷರದ ಮುಂದೆ ಇಡು. ತುಟಿ ಕೆಳಗೆ ಮುರಿದರೆ ಕೆಳಗೆ ಇಡು. ಕೊನೆಯಲ್ಲಿ ಮೂಗಿನ ದನಿ ಬಂದರೆ ಎರಡು ಚುಕ್ಕಿ.

ಇವತ್ತಿಗೂ ಅರಬಿ ಸ್ವರಗಳ ಹೆಸರು ಅವೇ. ಫತ್‌ಹ ಎಂದರೆ ತೆರೆಯುವುದು, ಅದು ಅಕಾರ. ದಮ್ಮ ಎಂದರೆ ಕೂಡಿಸುವುದು, ಉಕಾರ. ಕಸ್ರ ಎಂದರೆ ಮುರಿಯುವುದು, ಇಕಾರ. ನಮ್ಮ ತಲೆಕಟ್ಟು, ಕೊಂಬು, ಗುಡಿಸುಗಳು ಕಾಗದದ ಮೇಲಿನ ಆಕಾರದ ಹೆಸರುಗಳು. ಅವರವು ಬಾಯಿಯ ಕೆಲಸದ ಹೆಸರುಗಳು. ಇನ್ನು ನಮ್ಮ ಊರುಗಳ ಉರ್ದು ಶಾಲೆಗಳಲ್ಲಿ ಮಕ್ಕಳು ಜಬರ್, ಜೇರ್, ಪೇಶ್ ಎಂದು ರಾಗವಾಗಿ ಕಲಿಯುವುದನ್ನು ನೀವು ಕೇಳಿರಬಹುದು. ಅವು ಪಾರಸಿ ಹೆಸರುಗಳು. ಜಬರ್ ಎಂದರೆ ಮೇಲೆ, ಜೇರ್ ಎಂದರೆ ಕೆಳಗೆ, ಪೇಶ್ ಎಂದರೆ ಮುಂದೆ. ಈಗಿನ ಉಕಾರದ ಗುರುತು ಅಕ್ಷರದ ಮುಂದಿಲ್ಲ, ತಲೆಯ ಮೇಲಿದೆ. ಆದರೂ ಹೆಸರು 'ಮುಂದೆ' ಎಂದೇ ಇದೆ. ಲಿಪಿಕಾರನಿಗೆ ಹೇಳಿದ ಚುಕ್ಕಿಯ ಜಾಗಕ್ಕೆ ಈ ಹೆಸರು ಸರಿಯಾಗಿ ಹೊಂದುತ್ತದೆ.

ಎಂಟು, ಒಂಬತ್ತನೆಯ ಶತಮಾನದ ಕೂಫಿ ಶೈಲಿಯ ಹಾಳೆಗಳ ಚಿತ್ರಗಳನ್ನು ನೋಡಿ. ಕಪ್ಪು ದಪ್ಪ ಅಕ್ಷರಗಳ ಸುತ್ತ ಕುಂಕುಮದ ಬೊಟ್ಟಿಟ್ಟಂತೆ ಕೆಂಪು ಚುಕ್ಕಿಗಳು. ಬಣ್ಣ ಬೇರೆ ಯಾಕೆ? ಮೂಲ ಪಾಠ ಯಾವುದು, ಓದಲು ಸೇರಿಸಿದ ಗುರುತು ಯಾವುದು ಎಂಬುದು ಗೊತ್ತಾಗಬೇಕು. ಪವಿತ್ರ ಗ್ರಂಥಕ್ಕೆ ಮನುಷ್ಯರು ಒಂದು ಚುಕ್ಕಿಯನ್ನಾದರೂ ಸೇರಿಸಬಹುದೇ ಎಂಬ ವಾದ ಆಗ ನಿಜವಾಗಿ ನಡೆದಿತ್ತು. ಮದೀನಾದ ಧರ್ಮಶಾಸ್ತ್ರಜ್ಞ ಮಾಲಿಕ್ ಇಬ್ನ್ ಅನಸ್ ಕೊಟ್ಟರೆಂದು ಹೇಳುವ ತೀರ್ಪು ನನಗೆ ತುಂಬ ವಿವೇಕದ್ದಾಗಿ ಕಾಣುತ್ತದೆ: ಮೂಲ ಪ್ರತಿಗಳಿಗೆ ಬೇಡ, ಮಕ್ಕಳು ಕಲಿಯುವ ಪ್ರತಿಗಳಿಗೆ ಅಡ್ಡಿಯಿಲ್ಲ.

ವ್ಯಂಜನಗಳ ಚುಕ್ಕಿಯದು ಬೇರೆ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಅದನ್ನು ಇರಾಕಿನ ರಾಜ್ಯಪಾಲ ಹಜ್ಜಾಜ್‌ನ ಕಾಲಕ್ಕೆ, ಏಳನೆಯ ಶತಮಾನದ ಕೊನೆಗೆ ಹಚ್ಚುವುದು ರೂಢಿ. ಆದರೆ ಈಜಿಪ್ಟಿನಲ್ಲಿ ಸಿಕ್ಕ, ಈಗ ವಿಯೆನ್ನಾದಲ್ಲಿರುವ ಹಿಜರಿ 22ರ, ಅಂದರೆ ಕ್ರಿ.ಶ. 643ರ ಪಪೈರಸ್ ಒಂದರಲ್ಲಿ ಆಗಲೇ ಕೆಲವು ಅಕ್ಷರಗಳಿಗೆ ಚುಕ್ಕಿ ಇದೆ. ಅದು ಗ್ರೀಕ್ ಮತ್ತು ಅರಬಿ ಎರಡರಲ್ಲೂ ಬರೆದ, ಸೈನ್ಯಕ್ಕೆ ಅರವತ್ತೈದು ಕುರಿ ಕೊಟ್ಟದ್ದರ ರಸೀದಿ. ಹಾಗಾಗಿ ಹಜ್ಜಾಜ್ ಮಾಡಿಸಿದ್ದು ಹೊಸ ಶೋಧನೆಗಿಂತ ಇದ್ದುದಕ್ಕೆ ಕಟ್ಟುನಿಟ್ಟು ಎಂದು ತಿಳಿಯುವುದು ಸರಿ.

ಆದರೆ ಈಗ ಎರಡು ಬಗೆಯ ಚುಕ್ಕಿಯಾಯಿತಲ್ಲ! ಅಕ್ಷರಕ್ಕೊಂದು, ಸ್ವರಕ್ಕೊಂದು. ಬರೆಯುವವನ ಮುಂದೆ ಎರಡು ಮಸಿಕುಡಿಕೆ ಇರಲೇಬೇಕು. ಈ ಗೊಂದಲ ಬಿಡಿಸಿದವನು ಖಲೀಲ್ ಇಬ್ನ್ ಅಹ್ಮದ್ ಅಲ್-ಫರಾಹೀದಿ. ಹುಟ್ಟಿದ್ದು ಒಮಾನಿನಲ್ಲಿ, ಕ್ರಿ.ಶ. 718ರ ಸುಮಾರಿಗೆ. ಬಾಳಿದ್ದು ಬಸ್ರಾದ ಒಂದು ಜೊಂಡಿನ ಗುಡಿಸಲಿನಲ್ಲಿ. ಅವನ ಯುಕ್ತಿ ಸರಳ. ಹ್ರಸ್ವ ಸ್ವರ ಎಂದರೆ ದೀರ್ಘದ ಮರಿ, ಹಾಗಾದರೆ ದೀರ್ಘದ ಅಕ್ಷರವನ್ನೇ ಪುಟ್ಟದಾಗಿ ಬರೆಯೋಣ. ಉಕಾರಕ್ಕೆ ಪುಟ್ಟ ವಾವ್, ಅಕಾರಕ್ಕೆ ಮಲಗಿಸಿದ ಪುಟ್ಟ ಅಲಿಫ್, ಇಕಾರಕ್ಕೆ ಕೆಳಗಡೆ ಯಾ ಅಕ್ಷರದ ತುಣುಕು. ಒತ್ತಕ್ಷರಕ್ಕೆ 'ಬಿಗಿ' ಎಂಬ ಅರ್ಥದ ಪದದ ಮೊದಲ ಅಕ್ಷರದ ತಲೆಭಾಗ, ಅದೇ ಶದ್ದ. ಒಂದೇ ಮಸಿ ಸಾಕು. ಇವತ್ತು ಮಕ್ಕಳ ಅರಬಿ ಪಠ್ಯದಲ್ಲಿ ಕಾಣುವ ಗುರುತುಗಳು ಇವೇ.

ಇದೇ ಖಲೀಲ್ ಅರಬಿಯ ಮೊದಲ ನಿಘಂಟು 'ಕಿತಾಬುಲ್ ಐನ್' ಕಟ್ಟಿದವನು, ಅರಬಿ ಛಂದಸ್ಸಿನ ಶಾಸ್ತ್ರ ರೂಪಿಸಿದವನು. ನಿಘಂಟಿನಲ್ಲಿ ಅವನು ಅಕ್ಷರಗಳನ್ನು ರೂಢಿಯ ಕ್ರಮದಲ್ಲಿ ಇಡಲಿಲ್ಲ. ಗಂಟಲಿನ ಆಳದಿಂದ ಹೊರಡುವ 'ಐನ್'ನಿಂದ ಶುರುಮಾಡಿ, ಬಾಯಿಯ ಉದ್ದಕ್ಕೂ ಮುಂದೆ ಬಂದು, ತುಟಿಯ ಫ, ಬ, ಮಗಳನ್ನು ಕೊನೆಯ ಕಡೆಗೆ ಇಟ್ಟ. ಕವರ್ಗದಿಂದ ಪವರ್ಗಕ್ಕೆ ಬರುವ ನಮ್ಮ ವರ್ಣಮಾಲೆಯ ನಡಿಗೆಯೇ ಇದು! ಭಾರತದಿಂದ ಕಲಿತನೇ ಎಂದು ವಿದ್ವಾಂಸರು ಚರ್ಚೆ ಮಾಡಿದ್ದಾರೆ, ನೇರ ಸಾಕ್ಷ್ಯ ಇಲ್ಲ. ತನ್ನದೇ ಬಾಯಿಯನ್ನು ಗಮನಿಸಿ ಕೂತವನಿಗೂ ಈ ಕ್ರಮ ಹೊಳೆಯಬಹುದು ಎಂದು ನನಗನ್ನಿಸುತ್ತದೆ. ಅವನ ಸಾವಿನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲಸದ ಹುಡುಗಿ ಅಂಗಡಿಗೆ ಹೋದರೆ ದಿನಸಿಯವನು ಮೋಸ ಮಾಡಲಾಗದಂಥ ಸುಲಭದ ಲೆಕ್ಕದ ವಿಧಾನವೊಂದನ್ನು ಯೋಚಿಸುತ್ತ ಮಸೀದಿಯೊಳಗೆ ನಡೆದವನು ಕಂಬಕ್ಕೆ ಡಿಕ್ಕಿ ಹೊಡೆದು ಬಿದ್ದನಂತೆ. ನಿಜವೋ ಕಟ್ಟುಕಥೆಯೋ, ಮನೆಯ ಸಾಮಾನಿನ ಚೀಟಿ ಬರೆಯುವವರಿಗೆಲ್ಲ ಅವನ ಮೇಲೆ ಪ್ರೀತಿ ಹುಟ್ಟಲು ಇಷ್ಟು ಸಾಕು.

ವ್ಯಾಕರಣ ಓದಿದವಳಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ನಮ್ಮ ಪರಂಪರೆಯಲ್ಲಿ ಸ್ವರ ತಾನೇ ಬೆಳಗುವಂಥದ್ದು, ವ್ಯಂಜನ ಅದನ್ನು ಆಶ್ರಯಿಸಿದ್ದು. ಕೇಶಿರಾಜನ ಶಬ್ದಮಣಿದರ್ಪಣ ಓದಿದವರು ಈ ದಾರಿಯಲ್ಲೇ ಯೋಚಿಸುತ್ತಾರೆ. ಅರಬಿ ವ್ಯಾಕರಣದಲ್ಲಿ ಅದು ತಿರುವುಮುರುವು. ಅಲ್ಲಿ ಅಕ್ಷರವೆಂದರೆ ವ್ಯಂಜನವೇ. ಹ್ರಸ್ವ ಸ್ವರಕ್ಕೆ 'ಹರಕತ್' ಎನ್ನುತ್ತಾರೆ, ಎಂದರೆ ಚಲನೆ. ಕನ್ನಡದಲ್ಲಿ ನಾವು ತುಂಟ ಮಕ್ಕಳ ಮೇಲೆ ಹೊರಿಸುವ ಹರಕತ್ತು ಅದೇ ಪದ. ಸ್ವರವಿಲ್ಲದ ವ್ಯಂಜನದ ಗುರುತಿಗೆ 'ಸುಕೂನ್', ಎಂದರೆ ನಿಶ್ಚಲತೆ. ಪದವೆಂದರೆ ಅಲುಗುವ ಮತ್ತು ನಿಂತ ವ್ಯಂಜನಗಳ ಸಾಲು. ಖಲೀಲನ ಛಂದಸ್ಸು ನಿಂತಿರುವುದೂ ಈ ಚಲನೆ-ನಿಲುಗಡೆಯ ಲೆಕ್ಕದ ಮೇಲೆ, ನಮ್ಮದು ಲಘು-ಗುರುಗಳ ಮೇಲೆ ನಿಂತಹಾಗೆ.

ಖಲೀಲನ ಗುರುತುಗಳು ಮೊದಲು ಬೇರೂರಿದ್ದು ಕವಿತೆಯ ಪುಸ್ತಕಗಳಲ್ಲಿ. ಕುರ್‌ಆನ್ ಬರೆಯುವವರು ಬಹಳ ಕಾಲ ಹಳೆಯ ಬಣ್ಣದ ಚುಕ್ಕಿಯನ್ನೇ ಹಿಡಿದುಕೊಂಡರು. 1053ರಲ್ಲಿ ತೀರಿಕೊಂಡ ಆಂದಲೂಸಿಯಾದ ಅದ್-ದಾನಿ ಇದಕ್ಕೆಂದೇ ಒಂದು ಪುಸ್ತಕ ಬರೆದು, ಹೊಸ ಗುರುತುಗಳನ್ನು 'ಕವಿತೆಯ ಗುರುತು' ಎಂದು ಕರೆದು ಪವಿತ್ರ ಗ್ರಂಥಕ್ಕೆ ಅವು ಬೇಡವೆಂದ. ಅಷ್ಟರಲ್ಲಿ ಬಾಗ್ದಾದಿನಲ್ಲಿ ಕಾಲ ಮುಂದೆ ಹೋಗಿತ್ತು. ಇಬ್ನ್ ಅಲ್-ಬವ್ವಾಬ್ ಎಂಬ ಲಿಪಿಕಾರ ಹಿಜರಿ 391ರಲ್ಲಿ, ಕ್ರಿ.ಶ. 1000-1001ರಲ್ಲಿ ಬರೆದ ಪ್ರತಿ ಈಗ ಡಬ್ಲಿನ್ನಿನಲ್ಲಿದೆ. ಅದರಲ್ಲಿ ಈಗ ನಾವು ನೋಡುವ ಸ್ವರಚಿಹ್ನೆಗಳೇ ಪೂರ್ತಿಯಾಗಿ ಇವೆ.

ಇಷ್ಟೆಲ್ಲ ಆದಮೇಲೂ ಇವತ್ತಿನ ಪತ್ರಿಕೆ ತೆರೆದರೆ ಸ್ವರಗಳಿಲ್ಲ. ಕುರ್‌ಆನ್, ಮಕ್ಕಳ ಪುಸ್ತಕ, ಹಳೆಯ ಕಾವ್ಯ ಇವುಗಳಲ್ಲಿ ಮಾತ್ರ ಪೂರ್ತಿ ಗುರುತು. ಬೆಳೆದವರು ಅಚ್ಚುಗಳನ್ನು ಗುರುತಿಸಿ ಓದುತ್ತಾರೆ, ಒಂದೊಂದೇ ಅಕ್ಷರ ಕೂಡಿಸುವುದಿಲ್ಲ. ಗೊಂದಲ ಬರುವ ಕಡೆ ಬರೆಯುವವರೇ ಒಂದೇ ಒಂದು ಗುರುತು ಇಡುತ್ತಾರೆ: ಕತಬ ಅಲ್ಲ, ಕುತಿಬ ಎಂದು ತಿಳಿಸಲು ಮೊದಲ ಅಕ್ಷರದ ತಲೆಗೊಂದು ಪುಟ್ಟ ವಾವ್. ಅರಬಿ ಕಲಿಯುತ್ತಿರುವವರು ಇದನ್ನು ಗಮನಿಸಿ. ಆ ಒಂಟಿ ಗುರುತು ಎಲ್ಲಿ ಬಿದ್ದಿದೆ ಎಂದು ನೋಡಿದರೆ ವಾಕ್ಯ ಬಿಡಿಸಲು ಅರ್ಧ ದಾರಿ ಸಿಕ್ಕಹಾಗೆ. ಇನ್ನು 'ಹಾದಾ' (ಇದು) ಎಂಬ ಅತಿ ಸಾಮಾನ್ಯ ಪದದ 'ಹಾ'ಗೆ ದೀರ್ಘವಿದ್ದರೂ ಅಲಿಫ್ ಬರೆಯುವುದಿಲ್ಲ. ಅದು ತಪ್ಪಲ್ಲ, ದೀರ್ಘಗಳನ್ನೂ ಎಲ್ಲ ಕಡೆ ಬರೆಯದಿದ್ದ ಆ ಮೊದಲ ಶತಮಾನಗಳ ಪಳೆಯುಳಿಕೆ.

ಇನ್ನು ಪದದ ಕೊನೆಯ ವಿಭಕ್ತಿ ಸ್ವರಗಳು, ಅಬೂ ಅಲ್-ಅಸ್ವದ್‌ನನ್ನು ನಡುಗಿಸಿದವು. ಬೀದಿಯ ಮಾತಿನಲ್ಲಿ ಅವು ಉದುರಿಹೋಗಿವೆ. ಗ್ರಂಥಭಾಷೆಯಲ್ಲಿ ಭಾಷಣ ಮಾಡಬೇಕಾದವರು ಮಾತ್ರ ಇವತ್ತಿಗೂ ಅವಕ್ಕೆ ಹೆದರುತ್ತಾರೆ. ಅಂಥವರಿಗೆಂದು ಅರಬರಲ್ಲಿ ಎರಡೇ ಪದದ ಒಂದು ಚಟಾಕಿ ಇದೆ, 'ಸಕ್ಕಿನ್ ತಸ್ಲಂ' ಎಂದು. ಕೊನೆಯ ಅಕ್ಷರಕ್ಕೆ ಸುಕೂನ್ ಹಾಕಿ ನುಂಗಿಬಿಡು, ಪಾರಾಗುತ್ತೀಯ!